ಬಲಗಡೆಯ ಹೂವು

ನಮ್ಮ ಅತ್ತೆ ದೇವರನ್ನು ಕೇಳದೆ ಕೊತ್ತಂಬರಿ ಸೊಪ್ಪನ್ನೂ ಕೊಳ್ಳುವವರಲ್ಲ ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು. ಕೇಳುವುದೆಂದರೆ ಬರೀ ಕೈಮುಗಿದು ಕೇಳುವುದಲ್ಲ. ತುಮಕೂರು ಕಡೆಯ ನಮ್ಮ ಮನೆಗಳಲ್ಲಿ ಅದಕ್ಕೆ ಅಪ್ಪಣೆ ಕೇಳುವುದು ಎನ್ನುತ್ತಾರೆ. ಮನೆದೇವರು ಅಮ್ಮನವರ ಹಿತ್ತಾಳೆ ಮುಖಕ್ಕೆ ಎಡಗಡೆ ಒಂದು, ಬಲಗಡೆ ಒಂದು ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ. ನನ್ನನ್ನು ಸೊಸೆಯಾಗಿ ತಂದುಕೊಂಡದ್ದು ಬಲಗಡೆ ಹೂ ಬಿದ್ದ ಮೇಲೆ. ಇವರಿಗೆ ವಡೋದರಾದಲ್ಲಿ ಕೆಲಸ ಸಿಕ್ಕಾಗ ಊರು ಬಿಡಲು ಅಪ್ಪಣೆಯಾದದ್ದೂ ಹಾಗೆಯೇ.

"ನೀರು ಕಮ್ಮಿ ಇರೋದು ಮೊದಲು ಒಣಗುತ್ತೆ, ಒಣಗಿದ್ದು ಮೊದಲು ಬೀಳುತ್ತೆ. ಅದಕ್ಕೆ ದೇವ್ರು ಯಾಕಮ್ಮ, ಫ್ಯಾನ್ ಸಾಕು" ಎಂದು ಇವರು ರೇಗಿಸುತ್ತಿದ್ದರು. ಅತ್ತೆ ಮುಖ ತಿರುಗಿಸದೆ, "ಆ ನೀರು ಯಾವ ಕಡೆ ಕಮ್ಮಿ ಆಗ್ಬೇಕು ಅಂತ ಯಾರು ಹೇಳ್ತಾರೆ ಮಗ?" ಎನ್ನುತ್ತಿದ್ದರು. ನಾನು ಇಬ್ಬರ ಮಾತಿಗೂ ನಗುತ್ತಿದ್ದೆ. ದೇವರ ವಿಷಯದಲ್ಲಿ ನನ್ನದು ಸಂಕಟ ಬಂದಾಗ ವೆಂಕಟರಮಣ ಎನ್ನುವ ಜಾತಿ. ಸಂಕಟವೇ ಬಂದಿರಲಿಲ್ಲ, ಹಾಗಾಗಿ ನಗು ಬರುತ್ತಿತ್ತು.

ಆಗ ನಾವು ಮಕರಪುರದ ಹತ್ತಿರ ಎರಡನೇ ಮಹಡಿಯ ಒಂದು ಬಾಡಿಗೆ ಫ್ಲಾಟಿನಲ್ಲಿದ್ದೆವು. ಇವರಿಗೆ ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ವಿದ್ಯುತ್ ಪ್ಯಾನೆಲ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಏಳು ವರ್ಷದ ಮಗಳು. ಅವಳ ಕನ್ನಡದಲ್ಲಿ ಅರ್ಧ ಗುಜರಾತಿ, ಉಳಿದರ್ಧ ಹಿಂದಿ. ಆ ವರ್ಷ ದೀಪಾವಳಿಗೆ ಅಮ್ಮನವರ ಮುಖವನ್ನೂ ಜೊತೆಗೆ ತಂದುಕೊಂಡು ಬಂದ ಅತ್ತೆ ಸಂಕ್ರಾಂತಿ ಮುಗಿಸಿಕೊಂಡು ಹೊರಡುವುದೆಂದು ನಿಂತಿದ್ದರು. ಅಜ್ಜಿ ಮೊಮ್ಮಗಳು ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯದೆಯೇ ದಿನವಿಡೀ ಮಾತಾಡಿಕೊಂಡಿರುತ್ತಿದ್ದರು.

ಇವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಶುರುವಾಗಿ ಆರು ತಿಂಗಳಾಗಿತ್ತು. "ಹೊಟ್ಟೆ ಬಂದಿದೆ, ಅದಕ್ಕೇ" ಎಂದು ನಾನೇ ಬೈದಿದ್ದೆ. ಆ ಬೈಗುಳವನ್ನು ಇವತ್ತು ನೆನೆದರೂ ನಾಲಿಗೆ ಕಹಿಯಾಗುತ್ತದೆ. ಸೂರತ್‌ಗೆ ಕಂಪನಿ ಕೆಲಸದ ಮೇಲೆ ಹೋಗಿದ್ದಾಗ ಒಂದು ಸಲ ಕೂತಲ್ಲೇ ಕುಸಿದರಂತೆ. ಮನೆಯಲ್ಲಿ ಹೇಳಲಿಲ್ಲ. ಡಿಸೆಂಬರ್ ಕೊನೆಯ ಒಂದು ಮಧ್ಯಾಹ್ನ ಕಾರ್ಖಾನೆಯಿಂದ ಫೋನ್ ಬಂತು. ಇವರು ಕೆಮ್ಮುತ್ತ ಕೆಮ್ಮುತ್ತ ಗುಲಾಬಿ ಬಣ್ಣದ ನೊರೆ ಉಗುಳಿದ್ದರು.

ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಹೃದಯದ ಒಂದು ಕವಾಟವನ್ನು ಹಾಳು ಮಾಡಿ ಹೋಗಿತ್ತಂತೆ. ವಡೋದರಾದ ನರ್ಸಿಂಗ್ ಹೋಮಿನಲ್ಲಿ ಮಲಗಿಸಿ ಶ್ವಾಸಕೋಶದ ನೀರು ಇಳಿಸಿದರು. ಆಮೇಲೆ ರಿಪೋರ್ಟುಗಳನ್ನು ನನ್ನ ಕೈಯಲ್ಲಿಟ್ಟು, ಅಹಮದಾಬಾದಿಗೆ ಹೋಗಿ ದೊಡ್ಡ ಸರ್ಜನ್ನರಿಗೆ ತೋರಿಸಿ ಎಂದರು. ಬೆಳಗಿನ ರೈಲಿಗೆ ಹೋಗಿ ಮಣಿನಗರದಲ್ಲಿಳಿದೆ. ಅಲ್ಲಿಯವರು ಉತ್ತರಾಯಣ ಎನ್ನುವ ಸಂಕ್ರಾಂತಿ ಹತ್ತಿರ ಬಂದಿತ್ತು, ರಸ್ತೆಯ ಬದಿಗೆಲ್ಲ ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣ ಬಳಿಯುತ್ತಿದ್ದರು. ಆ ಬಣ್ಣ ನೋಡಲಾಗದೆ ತಲೆ ತಗ್ಗಿಸಿಕೊಂಡು ಆಸ್ಪತ್ರೆಗೆ ನಡೆದೆ.

ಸರ್ಜನ್ ಮೃದು ಮಾತಿನವರು. ಕವಾಟ ಬದಲಾಯಿಸಲೇಬೇಕು, ಲೋಹದ್ದು ಹಾಕುತ್ತೇನೆ ಎಂದರು. ಮುಂದಿನ ವಾರ ಒಂದು ದಿನ ಖಾಲಿ ಇದೆ, ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಫೋನ್ ಮಾಡಿ ಹೇಳಿ. ಬಿಟ್ಟರೆ ಉತ್ತರಾಯಣ ಕಳೆದು ಹತ್ತು ದಿನದ ಮೇಲೆ. "ಅಲ್ಲಿಯವರೆಗೆ ತಡೆಯುತ್ತಾರಾ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಉತ್ತರ ಸಿಕ್ಕಿತು.

ಸಂಜೆ ನರ್ಸಿಂಗ್ ಹೋಮಿಗೆ ಬಂದು ಇವರಿಗೆ ಹೇಳಿದೆ. ದಿಂಬಿಗೆ ಒರಗಿ ಕೂತಿದ್ದ ಇವರು, "ಅಮ್ಮ ಏನಂತಾಳೆ?" ಎಂದರು.

"ಅವರಿಗೆ ಇನ್ನೂ ಹೇಳಿಲ್ಲ."

"ಅಮ್ಮ ಹೂಂ ಅನ್ನದೆ ನಾನು ಮಲಗಲ್ಲ ಕಣೆ."

ಫ್ಯಾನ್ ಸಾಕು ಎನ್ನುತ್ತಿದ್ದ ಮನುಷ್ಯ! ಸಿಟ್ಟು ಬಂತು, ಆದರೆ ಇವರು ಯಾಕೆ ಹಾಗೆ ಹೇಳಿದರೆಂದು ನನಗೆ ಗೊತ್ತಿತ್ತು. ಇವರಿಗೆ ಹನ್ನೆರಡು ವರ್ಷವಾಗಿದ್ದಾಗ ನಮ್ಮ ಮಾವ ಆಪರೇಷನ್ ಟೇಬಲ್ ಮೇಲೆಯೇ ತೀರಿಕೊಂಡರು. ಅವತ್ತು ಗಡಿಬಿಡಿಯಲ್ಲಿ ಅತ್ತೆ ಹೂ ಕೇಳಿರಲಿಲ್ಲ. ಕೇಳಿದ್ದರೆ ದೇವಿ ಬೇಡ ಎನ್ನುತ್ತಿದ್ದಳು, ಗಂಡ ಉಳಿಯುತ್ತಿದ್ದ ಎಂದು ಅವರು ಇಪ್ಪತ್ತೆರಡು ವರ್ಷ ನಂಬಿಕೊಂಡು ಬಂದಿದ್ದರು. ಮಗ ಆ ನಂಬಿಕೆಯನ್ನು ರೇಗಿಸುತ್ತಿದ್ದನೇ ಹೊರತು ದಾಟುವ ಧೈರ್ಯ ಮಾಡಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದರೆ, "ಧನುರ್ಮಾಸ ಕಣಮ್ಮ. ಈ ತಿಂಗಳಲ್ಲಿ ಒಂದು ಒಲೆ ಕೂಡ ಹೊಸದು ಹೂಡಲ್ಲ, ಎದೆ ಕುಯ್ಯೋದಾ?" ಎಂದರು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಬೇಡಿಕೊಂಡೆ, ಕೊನೆಗೆ ಕೂಗಾಡಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಯಿತು. ಮಗಳು ಬಾಗಿಲಲ್ಲಿ ನಿಂತು, "ಅಜ್ಜಿ, ಪಪ್ಪಾ ಕ್ಯಾರೆ ಬರ್ತಾರೆ?" ಎಂದಳು. ಯಾವಾಗ ಎಂದು ಕೇಳುತ್ತಿದ್ದಾಳೆಂದು ಅತ್ತೆಗೆ ಹೇಗೋ ತಿಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬೆಳಿಗ್ಗೆ ಅಮ್ಮನ್ನ ಕೇಳ್ತೀನಿ. ಅವಳು ಹೆಂಗಂದ್ರೆ ಹಂಗೆ" ಎಂದರು.

ಮರುದಿನ ನಾನು ಇವರಿಗೆ ಗಂಜಿ ಕೊಟ್ಟು ಹತ್ತು ಗಂಟೆಗೆ ಮನೆಗೆ ಬರುವ ಹೊತ್ತಿಗೆ ಅತ್ತೆ ಮಿಂದು ಮಡಿಯುಟ್ಟು ಕಾಯುತ್ತಿದ್ದರು. ಕಣ್ಣು ಊದಿಕೊಂಡಿತ್ತು. ರಾತ್ರಿ ನಿದ್ದೆಗೆಟ್ಟಿರಬೇಕು ಎಂದುಕೊಂಡೆ. ನಾವು ಬೇನ್, ಅಂದರೆ ಅಕ್ಕ, ಎನ್ನುತ್ತಿದ್ದ ಪಕ್ಕದ ಮನೆಯವರು ಕುಂಡದಿಂದ ಕಿತ್ತುಕೊಟ್ಟ ಎರಡು ಬಿಳಿಯ ನಿತ್ಯಪುಷ್ಪಗಳನ್ನು ನೀರಿನಲ್ಲಿ ಅದ್ದಿ ಅಮ್ಮನವರ ಎರಡು ಕೆನ್ನೆಗೆ ಅಂಟಿಸಿದರು. ಕಣ್ಣು ಮುಚ್ಚಿ ಕೈಮುಗಿದು ಕೂತರು. ಅವರ ಹಿಂದೆ ನಾನು ಕೂತೆ.

ಚಳಿಗಾಲ. ಫ್ಯಾನಿಲ್ಲ, ಗಾಳಿಯಿಲ್ಲ. ಹತ್ತೂವರೆಯಾಯಿತು. ಹೂಗಳು ಅಲ್ಲಾಡಲಿಲ್ಲ. ಹನ್ನೊಂದಾಯಿತು. ಒಳಗೆ ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದನ್ನೂ ಮರೆತು ನಾನು ಎರಡು ಹೂವನ್ನೇ ನೋಡುತ್ತಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೂತಾಗಿದೆ, ದೇವರಿಗೇ ಮನಸ್ಸಿಲ್ಲ ಎಂದು ಒಳಗೊಳಗೇ ಬೈದುಕೊಂಡೆ. ಹನ್ನೊಂದು ಕಾಲಿಗೆ ಎಡಗಡೆಯ ಹೂವಿನ ಒಂದು ಎಸಳು ಮೆಲ್ಲಗೆ ಮೇಲೆದ್ದಿತು. ನೋಡುತ್ತಿದ್ದಂತೆ ಇನ್ನೊಂದು.

ನಾನು ಮುಂದಕ್ಕೆ ಬಾಗಿದೆ. ಅತ್ತೆಯ ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ನನ್ನ ಸೆರಗಿನ ತುದಿಯನ್ನು ಬಲಗಡೆಯ ಹೂವಿನ ಕೆಳಗೆ ಹಿಡಿದೆ. ಬಟ್ಟೆ ನೀರನ್ನು ಎಳೆದುಕೊಂಡಿತು. ಬೆರಳು ಹೂವಿಗೆ ತಾಗಿತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಹೂವು ತಟ್ಟೆಗೆ ಬಿತ್ತು. ನಾನು ಹಿಂದೆ ಸರಿದು ಕೂತು, "ಅತ್ತೆ, ಬಲಗಡೆದು" ಎಂದೆ.

ಅವರು ಕಣ್ಣು ತೆರೆದು ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೂವನ್ನೆತ್ತಿ ಕಣ್ಣಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. "ಕೊಟ್ಟವ್ಳೆ ಕಣಮ್ಮ, ಕೊಟ್ಟವ್ಳೆ." ನಾನು ಆಗಲೇ ಫೋನಿನ ಹತ್ತಿರ ಓಡಿದ್ದೆ. ಅಡುಗೆಮನೆಯಿಂದ ಬೇಳೆ ಸೀದ ವಾಸನೆ ಬರುತ್ತಿತ್ತು.

ಮಾಡುವಾಗ ಭಯವಾಗಲಿಲ್ಲ. ಭಯ ಆಮೇಲೆ ಬಂತು, ಅದೂ ಕಂತು ಕಂತಾಗಿ. ಇವರನ್ನು ಆಂಬುಲೆನ್ಸಿನಲ್ಲಿ ಅಹಮದಾಬಾದಿಗೆ ಸಾಗಿಸುವಾಗ ಇವರು ನನ್ನ ಕೈ ಹಿಡಿದು, "ಅಮ್ಮಂಗೆ ಬಲಗಡೆ ಆಯ್ತಂತಲ್ಲೆ, ನಂಗೂ ಧೈರ್ಯ ಬಂತು ನೋಡು" ಎಂದರು. ಆ ಕೈ ನನ್ನ ಅಂಗೈಯಲ್ಲಿ ಸುಡುತ್ತಿತ್ತು. ಮಗಳನ್ನು ಪಕ್ಕದ ಮನೆಯ ಬೇನ್ ಹತ್ತಿರ ಬಿಟ್ಟಿದ್ದೆವು. "ಚಿಂತಾ ನ ಕರೋ ಬೇನ್, ಮಾತಾಜಿ ಇದ್ದಾಳೆ" ಎಂದು ಅವರು ನನ್ನ ಬೆನ್ನು ಸವರಿ ಕಳಿಸಿದ್ದರು. ಮಾತಾಜಿ ಅತ್ತೆಯ ಕೈಚೀಲದಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ನಮ್ಮ ಜೊತೆಗೇ ಬರುತ್ತಿದ್ದಳು.

ಆಪರೇಷನ್ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ರೋಗಿಗಳ ಮನೆಯವರು ಕೂರುವ ಹಾಲಿನಲ್ಲಿ ಕಿಟಕಿಯ ಕಟ್ಟೆಯ ಮೇಲೆ ಯಾರು ಯಾರೋ ತಮ್ಮ ತಮ್ಮ ದೇವರ ಪಟಗಳನ್ನಿಟ್ಟಿದ್ದರು. ಅತ್ತೆ ಅವುಗಳನ್ನು ಸ್ವಲ್ಪ ಸರಿಸಿ ಅಮ್ಮನವರ ಮುಖ ಇಟ್ಟರು. ಆಮೇಲೆ ಪಕ್ಕದಲ್ಲಿ ಬಂದು ಕೂತವರಿಗೆಲ್ಲ ಅಚ್ಚ ಕನ್ನಡದಲ್ಲಿ, ಅಮ್ಮ ಬಲಗಡೆ ಹೂ ಕೊಟ್ಟವಳೆ, ಏನೂ ಆಗಲ್ಲ ಎಂದು ಹೇಳುತ್ತಿದ್ದರು. ಅವರು ಗುಜರಾತಿಯಲ್ಲಿ ತಲೆಯಾಡಿಸುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತೆ ಹೂವು ಎಂದಾಗಲೆಲ್ಲ ನಾನು ನನ್ನ ಸೆರಗಿನ ತುದಿ ಹಿಡಿದು ನೋಡಿಕೊಳ್ಳುತ್ತಿದ್ದೆ.

ಎರಡು ಗಂಟೆಗೆ ಸರ್ಜನ್ ಬಂದು ಕವಾಟ ಕೂತಿದೆ ಎಂದರು. ಮೂರಕ್ಕೆ ನರ್ಸ್ ಬಂದು ನನ್ನ ಹೆಸರು ಕೂಗಿದಳು. ರಕ್ತ ನಿಲ್ಲುತ್ತಿಲ್ಲ, ಎದೆಯನ್ನು ಮತ್ತೆ ತೆರೆಯಬೇಕು, ಈಗಲೇ ಸಹಿ ಹಾಕಿ. ಸಂಗ್ರಹದ ರಕ್ತ ಸಾಲದು, ಆಗ ತಾನೇ ತೆಗೆದ ತಾಜಾ ರಕ್ತ ಬೇಕು, ದಾನಿಗಳನ್ನು ಕರೆಸಿ. ಇವರದು ಒ ಪಾಸಿಟಿವ್, ಅಪರೂಪದ್ದೇನಲ್ಲ. ಆದರೆ ಅಹಮದಾಬಾದಿನಲ್ಲಿ ನಮಗೆ ನರಪಿಳ್ಳೆಯ ಗುರುತಿರಲಿಲ್ಲ. ಕಾರ್ಖಾನೆಯ ಜೊತೆಗಾರರು ವಡೋದರಾದಿಂದ ಹೊರಟು ಬರುವ ಹೊತ್ತಿಗೆ ಏನಾಗಿರುತ್ತದೋ! ಆಸ್ಪತ್ರೆಯ ಫೋನಿನ ಮುಂದೆ ಸಾಲಿತ್ತು. ಹೊರಗೋಡಿದೆ. ಎದುರಿನ ಎಸ್‌ಟಿಡಿ ಬೂತು ಮುಚ್ಚಿತ್ತು. ಸ್ಟೇಷನ್ನಿನ ದಿಕ್ಕಿಗೆ ಓಡಿ ಇನ್ನೊಂದು ಬೂತು ಹಿಡಿದು ಕಾರ್ಖಾನೆಗೆ ಹೇಳಿದೆ, ಆಮೇಲೆ ಊರಿನಲ್ಲಿದ್ದ ನನ್ನ ಅಣ್ಣನಿಗೆ ಫೋನ್ ಮಾಡಿದೆ. ಅವನಿಂದ ಆಗುವುದೇನೂ ಇರಲಿಲ್ಲ. ಆದರೂ, "ನಾನು ಕೊಂದೆ ಕಣೋ ಅಣ್ಣ, ಇವರನ್ನ ನಾನೇ ಕೊಂದೆ, ರಕ್ತ ಕೊಡೋಕೆ ಈ ಊರಲ್ಲಿ ಒಬ್ಬರೂ ಇಲ್ಲ" ಎಂದು ಬೀದಿಗೆ ಕೇಳುವಂತೆ ಗೋಳಾಡಿದೆ.

ಫೋನಿಟ್ಟು ತಿರುಗಿದರೆ ಒಬ್ಬ ತರುಣ ನಿಂತಿದ್ದ. "ಅಕ್ಕಾರ, ಅಳಬ್ಯಾಡ್ರಿ. ನಾವೂ ಕನ್ನಡದವ್ರ ಅದೀವಿ, ಬಾಗಲಕೋಟಿ ಕಡೆ. ರೂಮಿನ್ಯಾಗ ಐದು ಮಂದಿ ಅದೀವಿ. ಯಾವ ಆಸ್ಪತ್ರಿ ಹೇಳ್ರಿ." ಅವನೂ ಅವನ ಗೆಳೆಯರೂ ಅಲ್ಲೇ ಫ್ಲಾಟು ಹಿಡಿದು ಓದುತ್ತಿದ್ದವರು. ಸಂಕ್ರಾಂತಿಗೆ ಊರಿಗೆ ಹೋಗಲು ತೆಗೆಸಿದ ಟಿಕೆಟ್ಟು ಖಾತ್ರಿಯಾಗದೆ, ಬರುವುದಿಲ್ಲ ಎಂದು ಮನೆಗೆ ಹೇಳಲು ಬೂತಿಗೆ ಬಂದಿದ್ದನಂತೆ. ಅರ್ಧ ಗಂಟೆಯಲ್ಲಿ ಐವರೂ ಬಂದರು. ಇಬ್ಬರ ರಕ್ತ ಹೊಂದಿತು. ಉಳಿದ ಮೂವರು ಬ್ಲಡ್ ಬ್ಯಾಂಕಿಗೆ ಕೊಟ್ಟು, ಬದಲಿಗೆ ಇವರಿಗೆ ಬೇಕಾದದ್ದನ್ನು ಕೊಡಿಸಿದರು.

ಅವರು ತೋಳು ಚಾಚಿ ಮಲಗಿದ್ದಾಗ ನಾನು ಮೆಟ್ಟಿಲ ಮೇಲೆ ಕೂತೆ. ಅತ್ತೆ ಅಮ್ಮನವರ ಮುಖವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಬಂದು ಕೂತರು. "ಬಲಗಡೆ ಕೊಟ್ಟು ಹಿಂಗ್ಯಾಕೆ ಮಾಡಿದ್ಲಮ್ಮ?" ಎಂದು ಮಗುವಿನ ಹಾಗೆ ನನ್ನನ್ನು ಕೇಳಿದರು. ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಎಡಗಡೆಯದು ಏಳುತ್ತಿತ್ತು, ನಾನು ಸೆರಗು ಹಿಡಿದೆ, ನಾನು ಬೀಳಿಸಿದೆ. ಬೇಡ ಅನ್ನುತ್ತಿದ್ದ ದೇವರ ಬಾಯಿ ಮುಚ್ಚಿಸಿದೆ. ಬೈಯಿರಿ, ಹೊಡೆಯಿರಿ.

ಅವರು ಬೈಯಲಿಲ್ಲ. ನನ್ನಿಂದ ಒಂದು ಗೇಣು ದೂರ ಸರಿದರು. ಆ ಒಂದು ಗೇಣು ನನಗೆ ಹೊಡೆತಕ್ಕಿಂತ ಹೆಚ್ಚಾಯಿತು. ಕೆಳಗೆ ಸ್ಟ್ರೆಚರು ಹೋಗುವ ಸದ್ದು, ಯಾರದೋ ಅಳು, ಕ್ಯಾಂಟೀನಿನ ಚಹಾದ ವಾಸನೆ. ಅತ್ತೆ ನನ್ನ ಕಡೆ ನೋಡದೆ ಮಾತಾಡಿದರು.

"ಅವತ್ತು ನೀನು ಏಳೋಕೆ ಮುಂಚೇನೇ ಕೇಳಿದ್ದೆ ನಾನು. ಬೆಳಗಿನ ಜಾವ ಎದ್ದು, ತಣ್ಣೀರು ಸುರ್ಕೊಂಡು, ಒಬ್ಬಳೇ ಕೇಳಿದೆ. ಎಡಕ್ಕೆ ಬಿತ್ತು."

ನಾನು ಅವರತ್ತ ತಿರುಗಿದೆ.

"ಒಂದು ಸಲ ಕೇಳಿದ್ದು ಮತ್ತೆ ಕೇಳಬಾರದು ಅಂತ ಎಲ್ಲಾರ್ಗೂ ಹೇಳೋಳು ನಾನೇ. ನನ್ನ ಕೈಲಿ ಆಗ್ಲಿಲ್ಲ. ಏನೂ ಕೇಳೇ ಇಲ್ಲ ಅನ್ನೋ ಹಂಗೆ ನಿನ್ನ ಮುಂದೆ ಮತ್ತೆ ಕೂತೆ. ಕಣ್ಣು ಯಾಕೆ ಮುಚ್ಚಿದ್ದೆ ಅಂದ್ಕೊಂಡೆ? ಭಕ್ತಿಗಲ್ಲ. ಮತ್ತೆ ಎಡಕ್ಕೆ ಬೀಳೋದು ನೋಡೋ ಶಕ್ತಿ ಇರ್ಲಿಲ್ಲ. ಯಾರಾದ್ರೂ ಬೀಳಿಸ್ಲಿ, ಬಲಕ್ಕೆ ಬೀಳ್ಲಿ ಅಂತ ಬೇಡ್ಕೊಳ್ತಾ ಇದ್ದೆ."

ಅತ್ತೆ ಸೊಸೆ ಎಂಟು ವರ್ಷ ಒಂದು ಉಪ್ಪಿನಕಾಯಿಯ ವಿಷಯಕ್ಕೂ ಒಂದಾಗಿರಲಿಲ್ಲ. ದೇವರಿಗೆ ಮೋಸ ಮಾಡುವುದರಲ್ಲಿ ಒಂದಾಗಿದ್ದೆವು. ನಗು ಬರಬೇಕಾದ ಮಾತು. ಆ ಹೊತ್ತಿನಲ್ಲಿ ಇಬ್ಬರಿಗೂ ಬರಲಿಲ್ಲ. ಅಮ್ಮ ಎರಡು ಸಲವೂ ಬೇಡ ಎಂದಿದ್ದಾಳೆ. ನಾವು ಕೇಳಿಸಿಕೊಳ್ಳಲಿಲ್ಲ. ಒಳಗೆ ಇವರು ಎದೆ ತೆರೆದುಕೊಂಡು ಮಲಗಿದ್ದಾರೆ.

"ಈಗ ಏನು ಮಾಡೋದು ಅತ್ತೆ?"

ಅವರು ಮಡಿಲಲ್ಲಿದ್ದ ಮುಖದ ಮೇಲಿನ ಬಟ್ಟೆ ಸರಿಸಿದರು. "ಇನ್ನೇನು ಮಾಡೋದು. ಅವಳ ಹತ್ರಾನೇ ಹೋಗ್ಬೇಕು. ತಾಯಿ ಬ್ಯಾಡ ಅಂದಿದ್ದು ಮಾಡ್ಕೊಂಡು ಬಿದ್ದ ಮಗು, ಅಳ್ತಾ ಯಾರ ಹತ್ರ ಹೋಗ್ತದೆ? ಪಕ್ಕದ ಮನೆಯೋಳ ಹತ್ರ ಹೋಗ್ತದಾ?" ಎಂದರು. ಕೆಳಗೆ ಹತ್ತಿ ಒತ್ತಿಕೊಂಡು ನಿಂತಿದ್ದ ಆ ಐವರು ಹುಡುಗರ ಕಡೆ ಗದ್ದ ತೋರಿಸಿ, "ಇವರನ್ನ ನಾನು ಕೇಳಿರ್ಲಿಲ್ಲ, ನೀನು ಬೀಳಿಸ್ಲಿಲ್ಲ. ಬಂದವ್ರೆ" ಎಂದರು. ಆಮೇಲೆ ಆ ಒಂದು ಗೇಣು ಜಾಗವನ್ನು ದಾಟಿ ಬಂದು ನನ್ನ ಕೈ ಹಿಡಿದುಕೊಂಡರು. ನಾವು ಏನನ್ನೂ ಕೇಳದೆ ಕೂತೆವು. ಅದೇ ಮೊದಲ ಸಲ ನಾನು ನಿಜವಾಗಿ ಪ್ರಾರ್ಥನೆ ಮಾಡಿದ್ದು. ಅದರಲ್ಲಿ ಮಾತೇ ಇರಲಿಲ್ಲ, ಬರೀ ಭಯವಿತ್ತು.

ದೀಪ ಹಚ್ಚುವ ಹೊತ್ತಿಗೆ ಸರ್ಜನ್ ಹೊರಗೆ ಬಂದು ರಕ್ತ ನಿಂತಿದೆ ಎಂದರು. ಅದಾದ ಮೇಲೂ ನಾಲ್ಕು ದಿನ ಇವರು ನಮ್ಮ ಕೈಗೆ ಸಿಗುತ್ತಾರೋ ಇಲ್ಲವೋ ಎನ್ನುವಂತಿತ್ತು. ಉತ್ತರಾಯಣದ ದಿನ ಆಸ್ಪತ್ರೆಯ ಕಿಟಕಿಯಲ್ಲಿ ಆಕಾಶ ತುಂಬ ಗಾಳಿಪಟ. ಅವತ್ತು ಇವರು ಕಣ್ಣು ಬಿಟ್ಟು, ಒಣಗಿದ ತುಟಿಯಲ್ಲಿ, "ಎಳ್ಳು ಬೆಲ್ಲ ಎಲ್ಲೇ?" ಎಂದರು. ಬಾಗಲಕೋಟೆಯ ಹುಡುಗರಿಗೆ ಮುಂದಿನ ವರ್ಷ ಮನೆಯಲ್ಲೇ ಎಳ್ಳು ಬೆಲ್ಲ ಮಾಡಿ ಕೊಟ್ಟೆ. ಆಮೇಲೆ ಅವರು ಓದು ಮುಗಿಸಿ ಎಲ್ಲೆಲ್ಲಿಗೋ ಹೋದರು. ಅವರ ಟಿಕೆಟ್ಟು ಖಾತ್ರಿಯಾಗಿದ್ದರೆ ಆ ಹೊತ್ತಿಗೆ ಎಲ್ಲರೂ ರೈಲಿನಲ್ಲಿರುತ್ತಿದ್ದರು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಟಿಕೆಟ್ಟು ಸಿಗಲಿಲ್ಲವೆಂದು ಅವತ್ತು ಅವರೂ ದೇವರನ್ನು ಬೈದುಕೊಂಡಿದ್ದರಂತೆ.

ಹಾಗೆಂದು ನನಗೆ ಎಲ್ಲ ತಿಳಿದುಹೋಯಿತು ಅನ್ನಲಾರೆ. ಎಡಕ್ಕೆ ಬಿದ್ದ ಹೂವಿಗೆ ಏನು ಅರ್ಥ? ಬೇಡ ಎಂದವಳು ಕಾಪಾಡಿದ್ದೇಕೆ? ನೀರು ಒಣಗುವುದಷ್ಟೇ ನಿಜವೋ? ಮಾವನ ಸಲ ಹೂ ಕೇಳಿದ್ದರೂ ಅವರು ಹೋಗುತ್ತಿದ್ದರೋ ಏನೋ. ಇದನ್ನು ಅತ್ತೆಯನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಹೊತ್ತಿದ್ದ ಏನನ್ನೋ ಅವರು ಆ ಮೆಟ್ಟಿಲ ಮೇಲೆ ಇಳಿಸಿದರು ಎಂದು ನನಗನ್ನಿಸುತ್ತದೆ. ಇವರಿಗೆ ನಾವಿಬ್ಬರೂ ಈ ವಿಷಯ ಹೇಳಲೇ ಇಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಬೈದರೆ ಬೈಯಲಿ. ಮನೆ ನಿಶ್ಶಬ್ದವಾಗಿದ್ದಾಗ ಇವರ ಪಕ್ಕದಲ್ಲಿ ಕೂತರೆ ಎದೆಯೊಳಗಿನ ಲೋಹದ ಕವಾಟದ ಟಿಕ್ ಟಿಕ್ ಇವತ್ತಿಗೂ ಕೇಳಿಸುತ್ತದೆ.

ಬೇಸಿಗೆಯಲ್ಲಿ ಊರಿಗೆ ಹೊರಡುವಾಗ ಅತ್ತೆ ಅಮ್ಮನವರ ಮುಖವನ್ನು ನನ್ನ ಕೈಗೆ ಕೊಟ್ಟರು. ಆ ಜನವರಿಯ ನಂತರ ಅವರು ಎಡಬಲಕ್ಕೆ ಹೂ ಅಂಟಿಸಿದ್ದನ್ನು ನಾನು ನೋಡಲಿಲ್ಲ. ದಿನವೂ ಒಂದೇ ಹೂವನ್ನು ನೆತ್ತಿಯ ಮೇಲೆ ಇಟ್ಟು ಎದ್ದುಬಿಡುತ್ತಿದ್ದರು. ಈಗ ಅವರಿಲ್ಲ. ನಾನೂ ಹಾಗೆಯೇ ಇಡುತ್ತೇನೆ. ಒಮ್ಮೊಮ್ಮೆ ಅದು ಜಾರಿ ಬೀಳುತ್ತದೆ. ಯಾವ ಕಡೆ ಎಂದು ನೋಡಬಾರದೆಂದುಕೊಂಡರೂ ಕಣ್ಣು ಹೋಗುತ್ತದೆ, ಎಡಗಡೆಯಾದರೆ ಎದೆ ಧಸಕ್ಕೆನ್ನುತ್ತದೆ. ಆಗ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಅವಳ ನೆತ್ತಿಯ ಮೇಲೇ ಇಡುತ್ತೇನೆ.